ಬಳಕೆ ಪ್ರಮಾಣಪತ್ರ

ಎರಡನೇ ಕಂತು ಬರಬೇಕಾದರೆ
ಮೊದಲನೆಯದು ಹೋದ ದಾರಿ ಹೇಳಬೇಕಂತೆ.
ಮಡಿಕೇರಿಯ ಕಚೇರಿಯಿಂದ ನಮೂನೆ ಬಂದಿದೆ,
ಐದು ಕಲಮು, ಮೂರು ಪ್ರತಿ.
ಸುಂಟಿಕೊಪ್ಪದ ಈ ಹಳೇ ಕಾಫಿ ಗೋದಾಮಿನಲ್ಲಿ
ಮರಳ ರಾಶಿಗೆ ಬೆನ್ನು ಕೊಟ್ಟು ಕೂತು
ಬರೆಯುತ್ತಿದ್ದೇನೆ, ಸ್ವಾಮಿ,
ಪೆನ್ನಿನ ಮೂತಿಯಲ್ಲೂ ಸಿಮೆಂಟು.

ಹಾಜರಿಯ ಬಗ್ಗೆ ಕೇಳಿದ್ದೀರಿ.
ನೀವು ಕಳಿಸಿದ ಯಂತ್ರ ಬೆರಳು ಕೇಳುತ್ತದೆ.
ನಲವತ್ತು ವರ್ಷ ಗಾರೆ ಕಲಸಿದ
ಮೊಯ್ದು ಕಾಕನ ಬೆರಳಲ್ಲಿ ಗೆರೆ ಎಲ್ಲಿದೆ?
ಒರೆಸಿದರು, ಕೊಬ್ಬರಿ ಎಣ್ಣೆ ಹಚ್ಚಿದರು, ಊದಿದರು.
ಕೆಂಪು ದೀಪ. ಮತ್ತೆ ಕೆಂಪು ದೀಪ.
ಹಾಗಾಗಿ ದಾಖಲೆಯ ಪ್ರಕಾರ
ಇನ್ನೂರ ಹನ್ನೊಂದು ದಿನ ಕಲಿಸಿದಾತ
ಒಂದು ದಿನವೂ ಬಂದಿಲ್ಲ.
ಅವರ ಸಂಬಳ ನಿಂತಿದೆ.
ಅವರು ನಿಂತಿಲ್ಲ.
ಈಗಲೂ ಆಚೆ ಕೂಗುತ್ತಿದ್ದಾರೆ:
"ರಸಮಟ್ಟ ನೋಡು ಮೋಳೇ, ನನ್ನ ಮುಖ ನೋಡಬೇಡ!"

ಜನವರಿಯಲ್ಲಿ ಇಪ್ಪತ್ತೆರಡು ಮಂದಿ
ಒಂಬತ್ತಾದದ್ದೇಕೆ ಎಂದಿದ್ದೀರಿ.
ಹಣ್ಣಾಗಿತ್ತು, ಸ್ವಾಮಿ.
ಕಾಫಿ ಕೊಯ್ಲಿಗೆ ಕಿಲೋ ಲೆಕ್ಕ,
ಗಂಡ ಹೆಂಡಿರು ಸೇರಿದರೆ ದಿನಕ್ಕೆ ಸಾವಿರದ ಮೇಲೆ.
ನಿಮ್ಮ ಭತ್ಯೆ ಮುನ್ನೂರು,
ಅದೂ ಮೂರು ತಿಂಗಳು ತಡವಾಗಿ.
ಗೇಟಿಗೆ ಜೀಪು ಬಂತು, ಹತ್ತಿದರು,
ಯಾರನ್ನು ಬೈಯಲಿ?
ಎರವರ ಚೋಮಿ ಹತ್ತಲಿಲ್ಲ.
ಹತ್ತದ್ದಕ್ಕೆ ಲೈನುಮನೆ ಖಾಲಿ ಮಾಡಬೇಕಾಯಿತು.
ಆ ಖರ್ಚಿಗೆ ನಿಮ್ಮ ನಮೂನೆಯಲ್ಲಿ ಕಲಮಿಲ್ಲ.

'ನಾವೀನ್ಯತೆ' ಎಂಬ ತಲೆಬರಹದ ಕೆಳಗೆ
ಎರಡು ಲಕ್ಷದ ಹತ್ತು ಸಾವಿರ.
ಜರಿದ ಗುಡ್ಡದ ಮಣ್ಣು, ಕಾಫಿ ಹೊಟ್ಟಿನ ಬೂದಿ,
ಹತ್ತಕ್ಕೊಂದು ಪಾಲು ಸುಣ್ಣ,
ಒಲೆ ಕಾಣದ ಇಟ್ಟಿಗೆ.
ಇಂಜಿನಿಯರ್ ದೇಚಮ್ಮ ಗ್ರಾಮಿನಲ್ಲಿ ಅಳೆದರು,
ಕಾಕ ಮುಷ್ಟಿಯಲ್ಲಿ ಹಿಂಡಿ ಅಳೆದರು,
ಇಬ್ಬರ ಲೆಕ್ಕವೂ ಮೇ ತಿಂಗಳಿಗೆ ಸರಿಯಾಗಿತ್ತು.
ಜೂನ್ ಎಂಟರ ರಾತ್ರಿ
ನಾನೂರು ಇಟ್ಟಿಗೆ ಅಂಗಳದಲ್ಲಿ
ಹಿಟ್ಟಾಗಿ, ಗಂಜಿಯಾಗಿ,
ಬೆಳಗಿಗೆ ಬರೀ ಕೆಂಪು ನೀರಾಗಿ
ಗೇಟಿನಾಚೆ ಡಾಂಬರು ದಾಟುತ್ತಿದ್ದವು.
'ವ್ಯರ್ಥವಾಗಿದ್ದಲ್ಲಿ ಕಾರಣ' ಎಂದಿದೆ.
ಕಾರಣ: ನಮಗೆ ಗೊತ್ತಿರಲಿಲ್ಲ.
ಈಗ ಗೊತ್ತು.
ಗೊತ್ತಾದದ್ದನ್ನು ಯಾವ ಕಲಮಿಗೆ ತುಂಬಲಿ?

ಹನ್ನೊಂದು ಇಟ್ಟಿಗೆ ಮಾತ್ರ ಉಳಿದಿದ್ದವು.
ಚೋಮಿ ಕುಕ್ಕರಗಾಲಲ್ಲಿ ಕೂತು
ಒಂದೊಂದನ್ನೇ ಮಗುಚಿ ನೋಡಿದಳು.
ಜಲ್ಲಿಯ ಮೇಲಿಟ್ಟವು ಅವು,
ಅಡಿಯಲ್ಲಿ ನೀರು ಹರಿದು ಹೋಗಿತ್ತು.
"ಬಡಿದ ನೀರು ಏನೂ ಮಾಡಲ್ಲ,
ನಿಂತ ನೀರು ತಿನ್ನುತ್ತೆ" ಅಂದಳು.
ತುಸು ತಡೆದು,
"ಆ ಆಗಸ್ಟಲ್ಲಿ ಗುಡ್ಡ ಬಂದದ್ದೂ ಹಾಗೇ."
ದೇಚಮ್ಮ ಬರೆದುಕೊಂಡರು.
ಕಾಕ ಟೋಪಿ ತೆಗೆದು ತಲೆ ಕೆರೆದುಕೊಂಡರು.

ಶಾಲೆಯ ಹಿಂದಿನ ಬರೆಗೆ
ಒಂಬತ್ತು ಜನ ಕಟ್ಟಿದ ತಡೆಗೋಡೆ ಅದು.
ಕಲ್ಲಿನ ಅಡಿಪಾಯ, ಬೆನ್ನಿಗೆ ಜಲ್ಲಿ,
ಮೊಳಕ್ಕೊಂದು ತೂತು,
ತೂತಿಗೊಂದು ಬಿದಿರ ಕೊಳವೆ.
ಈ ಮಳೆಗಾಲವಿಡೀ ಆ ಗೋಡೆ
ನೂರು ಬಾಯಲ್ಲಿ ಉಗುಳಿತು,
ಒಂದು ಅಂಗುಲ ಅಲ್ಲಾಡಲಿಲ್ಲ.
ನಿಮ್ಮ ಪರಿಶೀಲಕರು ಕೊಡೆ ಹಿಡಿದು ಬಂದು
ಬರೆದು ಹೋಗಿದ್ದಾರೆ:
'ಕಾಮಗಾರಿ ಅಪೂರ್ಣ. ರಂಧ್ರಗಳನ್ನು ಮುಚ್ಚಿಲ್ಲ.'

ಮುಚ್ಚುವುದಿಲ್ಲ, ಸ್ವಾಮಿ.
ಬೇಕಾದರೆ ಕಂತನ್ನು ತಡೆಯಿರಿ,
ನೀರನ್ನು ತಡೆಯಲು ಹೇಳಬೇಡಿ.

ಕೊನೆಯ ಕಲಮು, 'ಸಾಧಿಸಿದ ಪ್ರಗತಿ'.
ಬಹಳ ಹೊತ್ತು ಖಾಲಿ ಬಿಟ್ಟಿದ್ದೆ.
ಮೊದಲ ದಿನ ಚೋಮಿಯ ಹೆಬ್ಬೆರಳನ್ನು
ಯಂತ್ರ ಒಂದೇ ಒತ್ತಿಗೆ ಹಿಡಿದಿತ್ತು.
ಈ ವಾರ ಮೂರು ಸಲ ಒತ್ತಿದಳು,
ಇವತ್ತು ಐದು.
ಕಾಕ ಪಕ್ಕದಲ್ಲಿ ನಿಂತು ನಗುತ್ತಿದ್ದರು.
ಅದನ್ನೇ ಬರೆದಿದ್ದೇನೆ.